ಅಂಟು ಬಿಡಿಸಿ, ಬಣ್ಣ ಉಳಿಸಿ

ಮರದ ಮಾದರಿ ಹಡಗು ಕಟ್ಟುವವರಿಗೆ ಸೊಟ್ಟ ಜಾಯಿಂಟ್ ಕಣ್ಣಿಗೆ ಬೀಳುವುದು ಹೆಚ್ಚಾಗಿ ಬಣ್ಣ ಬಳಿದ ಮೇಲೆಯೇ. ಬರಿ ಮರದಲ್ಲಿ ನಾರಿನ ಗೆರೆಗಳ ನಡುವೆ ಅಡಗಿದ್ದ ಅಂಚು, ಒಂದೇ ಬಣ್ಣ ಮೇಲೆ ಕೂತ ಕೂಡಲೇ ನೆರಳು ಬಿಟ್ಟು ಎದ್ದು ಕಾಣುತ್ತದೆ. 1:64 ಪ್ರಮಾಣದ ಮಾದರಿಯಲ್ಲಿ ಅಟ್ಟದ ಅಂಚುಪಟ್ಟಿ ಒಂದು ಮಿಲಿಮೀಟರ್ ಸರಿದಿದ್ದರೆ, ನಿಜವಾದ ಹಡಗಿನ ಲೆಕ್ಕದಲ್ಲಿ ಅದು 6.4 ಸೆಂಟಿಮೀಟರ್. ಅಂಥ ಹಡಗನ್ನು ಯಾವ ಬಡಗಿಯೂ ನೀರಿಗೆ ಇಳಿಸುತ್ತಿರಲಿಲ್ಲ.

ಇದರಲ್ಲಿ ಕಟ್ಟಿದವರ ಕೈಯಷ್ಟೇ ಅಂಟಿನ ಪಾಲೂ ಇದೆ. ಹಸಿ ಅಂಟು ಜಾರುತ್ತದೆ. ಎರಡು ತುಂಡುಗಳನ್ನು ನೇರವಾಗಿ ಕೂರಿಸಿ ಕ್ಲಾಂಪ್ ಬಿಗಿದರೂ, ಆ ಒತ್ತಡಕ್ಕೇ ಒಂದು ತುಂಡು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಬೆಳಿಗ್ಗೆ ಕ್ಲಾಂಪ್ ತೆಗೆಯುವ ಹೊತ್ತಿಗೆ ಅದು ಅಲ್ಲೇ ಗಟ್ಟಿಯಾಗಿರುತ್ತದೆ. ಆಗ ಕೈಬಲದಿಂದ ಎಳೆದರೆ ಮುರಿಯುವುದು ಅಂಟಲ್ಲ, ಮರ. ಬಾಲ್ಸಾದಂಥ ಮೆದು ಮರದಲ್ಲಿ ಅಂಟಿನ ಗೆರೆ ಮರಕ್ಕಿಂತ ಗಟ್ಟಿ. ನಾರು ಕಿತ್ತುಬರುತ್ತದೆ, ಅದರೊಂದಿಗೆ ಬಣ್ಣದ ಪೊರೆಯೂ ಸುಲಿದುಬರುತ್ತದೆ.

ಆದ್ದರಿಂದ ಈ ಕೆಲಸದ ಮೊದಲ ಹೆಜ್ಜೆ ಉಳಿ ಹಿಡಿಯುವುದಲ್ಲ, ಒಳಗಿರುವ ಅಂಟು ಯಾವುದೆಂದು ಗುರುತಿಸುವುದು. ಹಳೆಯ ಕಾಲದ ಬಡಗಿಗಳು ಬಳಸುತ್ತಿದ್ದ ಮರವಜ್ರವನ್ನು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆಯುತ್ತಿದ್ದರು. ಅದು ಬಿಸಿನೀರಿಗೆ ಕರಗುತ್ತದೆ. ಆಲ್ಕೋಹಾಲ್ ತಾಗಿಸಿದರೆ ಒಳಗಿನ ತೇವ ಹೋಗಿ ಪೆಡಸಾಗುತ್ತದೆ, ಆಗ ತೆಳ್ಳನೆಯ ಚಾಕು ಹಾಯಿಸಿದರೆ ಸಂದು ಬಿಟ್ಟುಕೊಳ್ಳುತ್ತದೆ. ಪಿಟೀಲಿನ ಮೇಲ್ಹಲಗೆಯನ್ನು ರಿಪೇರಿಗಾಗಿ ತೆರೆದು ಮತ್ತೆ ಅಂಟಿಸಲು ಆಗುತ್ತಿರುವುದು ಈ ಅಂಟಿನಿಂದಲೇ. ಮುಂದೊಂದು ದಿನ ತೆರೆಯಬೇಕಾದೀತು ಎಂದು ಪಿಟೀಲು ಮಾಡುವವರು ಮೇಲ್ಹಲಗೆಗೆ ಅಂಟನ್ನು ಬೇಕೆಂದೇ ತೆಳುಮಾಡಿ ಹಚ್ಚುತ್ತಾರೆ. ಇದು ನಿಜವಾದ ದೂರದೃಷ್ಟಿ.

ಇಂದಿನ ಮಾದರಿಗಳಲ್ಲಿ ಇರುವುದು ಹೆಚ್ಚಾಗಿ ಬಿಳಿ ಅಂಟು, ಅಂದರೆ ಪಾಲಿವಿನೈಲ್ ಅಸಿಟೇಟ್. 1959ರಲ್ಲಿ ಬಂದ ಫೆವಿಕಾಲ್ ನಮ್ಮ ದೇಶದಲ್ಲಿ ಅದಕ್ಕೆ ಮನೆಮಾತಾದ ಹೆಸರು. ಬಿಡುವುದೇ ಇಲ್ಲ ಎಂಬ ಖ್ಯಾತಿ ಅದಕ್ಕಿದ್ದರೂ ಮಾಮೂಲಿ ಬಿಳಿ ಅಂಟು ಶಾಖಕ್ಕೆ ಮೆತ್ತಗಾಗುವ ಪ್ಲಾಸ್ಟಿಕ್ಕೇ. ಸುಮಾರು 30ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆಯೇ ಅದರ ಬಿರುಸು ಇಳಿಯತೊಡಗುತ್ತದೆ, 60 ದಾಟಿದರೆ ಹಿಡಿತ ಚೆನ್ನಾಗಿಯೇ ಸಡಿಲವಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಮರದ ಮಾದರಿ ಇಡಬಾರದು ಎನ್ನುವುದಕ್ಕೆ ಇದೇ ಕಾರಣ. ನೀರಿಗೆ ಜಗ್ಗದ ಮರೈನ್ ಬಗೆಯ ಅಂಟಾದರೆ ಮಾತ್ರ ಕೆಲಸ ಕಷ್ಟ.

ಬಿಳಿ ಅಂಟನ್ನು ನೀರೂ ಸಡಿಲಿಸಬಲ್ಲದು. ಆದರೆ ನೀರು ಕುಡಿದ ಮರ ಉಬ್ಬುತ್ತದೆ, ಬಾಗುತ್ತದೆ. ಅದಕ್ಕೇ ಮಾದರಿಕಾರರು ಐಸೊಪ್ರೊಪೈಲ್ ಆಲ್ಕೋಹಾಲ್ ಹಿಡಿಯುತ್ತಾರೆ. ಎಲೆಕ್ಟ್ರಾನಿಕ್ಸ್ ರಿಪೇರಿಯವರು ಸರ್ಕ್ಯೂಟ್ ಬೋರ್ಡ್ ಒರೆಸುವುದು ಇದರಿಂದಲೇ. ಇದು ಅಂಟನ್ನು ಮೆತ್ತಗೆ ಮಾಡಿ ಬೇಗ ಆರಿಹೋಗುತ್ತದೆ, ಮರ ಹೆಚ್ಚು ಉಬ್ಬುವುದಿಲ್ಲ.

ನಿಜವಾದ ಪರೀಕ್ಷೆ ಬಣ್ಣದ್ದು. ಅಂಟು ಕರಗಿಸುವ ದ್ರವವೇ ಬಣ್ಣವನ್ನೂ ಕರಗಿಸಬಹುದು. ಅಕ್ರಿಲಿಕ್ ಬಣ್ಣ ಆಲ್ಕೋಹಾಲಿಗೆ ಸೋಲುತ್ತದೆ. ಪೂರ್ತಿ ಒಣಗಿದ ಎನಾಮೆಲ್ ಹೆಚ್ಚು ತಾಳಿಕೊಳ್ಳುತ್ತದೆ. ಅರಗಿನ ಹೊಳಪಂತೂ ಆಲ್ಕೋಹಾಲಿನಲ್ಲೇ ಕರಗುವಂಥದ್ದು, ಹಾಗಾಗಿ ಚನ್ನಪಟ್ಟಣದ ಅರಗಿನ ಬೊಂಬೆಯ ಮೇಲೆ ಈ ಉಪಾಯ ಸಲ್ಲದು. ಉಳಿದ ಬಣ್ಣಗಳಾದರೆ ಮೊದಲು ಹತ್ತಿಯ ತುದಿಗೆ ಒಂದು ಹನಿ ಆಲ್ಕೋಹಾಲ್ ಮುಟ್ಟಿಸಿ ಕಣ್ಣಿಗೆ ಬೀಳದ ಮೂಲೆಯಲ್ಲಿ ಒರೆಸಿ ನೋಡಬೇಕು. ಹತ್ತಿಗೆ ಬಣ್ಣ ಹತ್ತಿತೋ, ಅಲ್ಲಿಗೆ ನಿಲ್ಲಿಸಬೇಕು.

ಹತ್ತಿ ಬೆಳ್ಳಗೇ ಉಳಿದರೆ ಕೆಲಸ ಶುರು. ಮೊದಲು ಸಂದಿನ ಉದ್ದಕ್ಕೂ ಮೊನೆಯಾದ ಸ್ಕಾಲ್ಪೆಲ್‌ನಿಂದ ಬಣ್ಣದ ಪೊರೆಯನ್ನು ಮಾತ್ರ ಸೀಳಬೇಕು. ಈ ಒಂದು ಗೆರೆ ಬಿಟ್ಟರೆ ಮುಂದೆ ತುಂಡು ಬಿಚ್ಚಿಕೊಳ್ಳುವಾಗ ಪಕ್ಕದ ಬಣ್ಣವೂ ಹಾಳೆಯಂತೆ ಎದ್ದುಬರುತ್ತದೆ. ಆಮೇಲೆ ಬಣ್ಣವಿಲ್ಲದ ಒಳಮೈಯಿಂದ ಸಣ್ಣ ಕುಂಚದಲ್ಲೋ ಸಿರಿಂಜಿನಲ್ಲೋ ಆಲ್ಕೋಹಾಲನ್ನು ಸಂದಿಗೆ ಉಣಿಸಿ, ಆರದಂತೆ ಮೇಲೊಂದು ಪ್ಲಾಸ್ಟಿಕ್ ಚೂರು ಹೊದಿಸಿ ಕಾಯಬೇಕು. ಹತ್ತು ನಿಮಿಷ, ಹದಿನೈದು ನಿಮಿಷ, ಮತ್ತೆ ಒಂದು ಸುತ್ತು. ಅಂಟು ಬೆಳ್ಳಗಾಗಿ ರಬ್ಬರಿನ ಹಾಗೆ ಮೆತ್ತಗಾಗುತ್ತದೆ. ಆಗ ತೆಳ್ಳನೆಯ ಪ್ಯಾಲೆಟ್ ಚಾಕುವನ್ನು ಒಂದು ತುದಿಯಿಂದ ತೂರಿಸಿ, ಸನ್ನೆ ಹಾಕಿ ಎಬ್ಬದೆ, ನೇರ ಮುಂದಕ್ಕೆ ಜಾರಿಸುತ್ತಾ ಹೋಗಬೇಕು. ಅಡ್ಡಿ ಬಂದಲ್ಲಿ ಒತ್ತಬಾರದು, ಇನ್ನೊಂದು ಹನಿ ಹಾಕಿ ಕಾಯಬೇಕು. ಕಾಯುವ ತಾಳ್ಮೆಯೇ ಇಲ್ಲಿ ಅರ್ಧ ಕಸುಬು.

ಬಿಚ್ಚಿದ ಕೂಡಲೇ ಮತ್ತೆ ಅಂಟಿಸುವಂತಿಲ್ಲ. ಮರವಜ್ರವಾದರೆ ಹಳೆಯ ಪದರದ ಮೇಲೆ ಹೊಸದು ಹಿಡಿಯುತ್ತದೆ, ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಬಿಳಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮರದ ಮೈ ಕಾಣುವವರೆಗೆ ಕೆರೆದು, ಒಣಗಲು ಬಿಡಬೇಕು. ಎರಡನೆಯ ಸಲವೂ ಜಾರದಿರಲು, ಅಂಟಿಲ್ಲದೆ ಜೋಡಿಸಿ ನೋಡುವಾಗಲೇ ಎರಡೂ ತುಂಡುಗಳಿಗೆ ಸೂಜಿಗಾತ್ರದ ತೂತು ಕೊರೆದು ಹಿತ್ತಾಳೆ ತಂತಿಯ ಮೊಳೆ ಕೂರಿಸುವುದು ಒಳ್ಳೆಯದು. ಕ್ಲಾಂಪ್ ಎಷ್ಟೇ ಬಿಗಿದರೂ ಆಗ ತುಂಡು ಕದಲುವುದಿಲ್ಲ.

ಎಲ್ಲ ಅಂಟುಗಳೂ ಹೀಗೆ ಮಣಿಯುವುದಿಲ್ಲ. ಫೆವಿಕ್ವಿಕ್‌ನಂಥ ಸೈನೊಅಕ್ರಿಲೇಟ್ ಅಂಟಿಗೆ ಅಸಿಟೋನ್ ಬೇಕು, ಆದರೆ ಅಸಿಟೋನ್ ಬಹುತೇಕ ಎಲ್ಲ ಬಣ್ಣಗಳನ್ನೂ ಹಾಳುಮಾಡುತ್ತದೆ. ಎಪಾಕ್ಸಿಗೆ ಹೆಚ್ಚಾಗಿ ಬಿಸಿಯೇ ದಾರಿ. ಹೊರಗೆ ಅಕ್ರಿಲಿಕ್, ಒಳಗೆ ಎಪಾಕ್ಸಿ ಇದ್ದರೆ ದ್ರವ, ಬಿಸಿ ಯಾವುದರ ಗೊಡವೆಯೂ ಬೇಡ. ಅಲಗು ತೆಳುವಾದ ರೇಜರ್ ಗರಗಸದಿಂದ ಅಂಟಿನ ಗೆರೆಯಲ್ಲೇ ಕೊಯ್ದು, ಹೋದ ಕಾಲು ಮಿಲಿಮೀಟರ್‌ನಷ್ಟು ಮರಕ್ಕೆ ತೆಳು ಚಕ್ಕೆ ಸೇರಿಸಿಕೊಳ್ಳುವುದೇ ವಾಸಿ. ಬಣ್ಣ ಉಳಿಸುವುದಕ್ಕಾಗಿ ಇಷ್ಟು ಮರ ಬಿಟ್ಟುಕೊಡುವುದರಲ್ಲಿ ನಷ್ಟವಿಲ್ಲ.

ಒಂದು ಎಚ್ಚರಿಕೆಯಂತೂ ಬೇಕೇ ಬೇಕು. ಐಸೊಪ್ರೊಪೈಲ್ ಆಲ್ಕೋಹಾಲಿನ ಆವಿಗೆ ಕೋಣೆಯ ಸಾಮಾನ್ಯ ಉಷ್ಣಾಂಶದಲ್ಲೇ ಬೆಂಕಿ ಹೊತ್ತಿಕೊಳ್ಳಬಲ್ಲದು. ಬೇಗ ಆಗಲೆಂದು ಅದರ ಜೊತೆಗೇ ಹೇರ್ ಡ್ರೈಯರ್ ಹಿಡಿಯಬಾರದು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಒಲೆ ಇರಬಾರದು.

ಮಾದರಿ ಕಟ್ಟುವವರಲ್ಲಿ ಒಂದು ವಿನಂತಿ. ಕೆಲಸ ಮುಗಿದ ಮೇಲೆ ಪೀಠದ ಅಡಿಯಲ್ಲಿ ಅಂಟು ಯಾವುದು, ಬಣ್ಣ ಯಾವುದು, ಕಟ್ಟಿದ ವರ್ಷ ಯಾವುದು ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಮುಂದೆ ರಿಪೇರಿಗೆ ಕೂರುವವರು ಅದನ್ನೇ ಮೊದಲು ಹುಡುಕುತ್ತಾರೆ.