ಸೂಚನಾ ಫಲಕದಿಂದ ಜಾಲಪುಟಕ್ಕೆ: ಸದಸ್ಯರು ಅರಿಯಬೇಕಾದ ಮೊದಲ ಪಾಠಗಳು

ಗ್ರಾಮ ಪಂಚಾಯತಿ ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸಿದ ವಸತಿ ಫಲಾನುಭವಿಗಳ ಪಟ್ಟಿಯನ್ನು ಓದಬೇಕಾದರೆ ಫಲಕದ ಮುಂದೆ ನಿಲ್ಲಬೇಕು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿರುವ ಕುಟುಂಬಕ್ಕೆ ಅದು ಸಾಧ್ಯವಾಗುವುದಿಲ್ಲ. ಪಟ್ಟಿಯ ಛಾಯಾಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ರೂಢಿ ಬೆಳೆದಿದೆಯಾದರೂ ಅದರಿಂದ ಅರ್ಧ ಕೆಲಸವಷ್ಟೇ ಆಗುತ್ತದೆ. ಚಿತ್ರದೊಳಗಿನ ಹೆಸರನ್ನು ಟೈಪಿಸಿ ಹುಡುಕಲು ಸಾಮಾನ್ಯವಾಗಿ ಬರುವುದಿಲ್ಲ. ಅಂಧರ ಮೊಬೈಲಿನಲ್ಲಿರುವ ಓದುವ ತಂತ್ರಾಂಶವು ಅಲ್ಲಿ ತಡವರಿಸುತ್ತದೆ. ನಾಲ್ಕು ಕೈ ದಾಟುವಷ್ಟರಲ್ಲಿ ಅಕ್ಷರಗಳೇ ಮಸುಕಾಗುತ್ತವೆ.

ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕರಣ 4ರ ಅನ್ವಯ ಸಹಾಯಧನ ಕಾರ್ಯಕ್ರಮಗಳ ಫಲಾನುಭವಿಗಳ ವಿವರಗಳನ್ನು ಯಾರೂ ಅರ್ಜಿ ಸಲ್ಲಿಸದಿದ್ದರೂ ಪ್ರಕಟಿಸತಕ್ಕದ್ದು. ಪ್ರಕಟಣೆಯ ಮಾಧ್ಯಮಗಳಲ್ಲಿ ಅಂತರ್ಜಾಲವನ್ನು ಅದೇ ಪ್ರಕರಣವು ಹೆಸರಿಸುತ್ತದೆ. ಸ್ಥಳೀಯ ಭಾಷೆಯನ್ನು ಗಮನದಲ್ಲಿರಿಸಬೇಕೆಂದೂ ಹೇಳುತ್ತದೆ. ಪುಟವನ್ನು ಸಿದ್ಧಪಡಿಸುವುದು ಸಿಬ್ಬಂದಿಯ ಕೆಲಸವೇ ಸರಿ. ಆದರೆ ಸಿದ್ಧವಾದ ಪುಟ ಸರಿಯಾಗಿದೆಯೇ ಎಂದು ಸಭೆಯಲ್ಲಿ ಕೇಳಬೇಕಾದವರು ಸದಸ್ಯರು. ಅದಕ್ಕಾಗಿ ಜಾಲಪುಟವೆಂದರೇನು ಎಂಬುದು ಸ್ವಲ್ಪವಾದರೂ ತಿಳಿದಿರಬೇಕು.

ಜಾಲಪುಟವೆಂದರೆ ಮೂಲತಃ ಒಂದು ಪಠ್ಯ ಕಡತ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಇದರ ಮೊದಲ ಪ್ರಸ್ತಾವನೆಯನ್ನು ಬರೆದರು. 1993ರ ಏಪ್ರಿಲ್ 30ರಂದು ಸಂಸ್ಥೆಯು ಈ ತಂತ್ರವನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿತು. ಆದುದರಿಂದ ಪುಟ ಬರೆಯಲು ಯಾರಿಗೂ ಪರವಾನಗಿ ಶುಲ್ಕ ನೀಡಬೇಕಾಗಿಲ್ಲ. ಕಂಪ್ಯೂಟರಿನಲ್ಲಿರುವ ನೋಟ್‌ಪ್ಯಾಡ್ ಸಾಕು. ಅದರಲ್ಲಿ ಬರೆದು, ಕಡತದ ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಎಂದು ಸೇರಿಸಿ ಉಳಿಸಿ, ಬ್ರೌಸರಿನಲ್ಲಿ ತೆರೆದರೆ ಪುಟ ಕಾಣುತ್ತದೆ. ಈ ಹಂತದಲ್ಲಿ ಅಂತರ್ಜಾಲ ಸಂಪರ್ಕವೂ ಬೇಕಿಲ್ಲ.

ಕಚೇರಿಯ ಪತ್ರದಲ್ಲಿ ವಿಷಯ, ಉಲ್ಲೇಖ, ಒಕ್ಕಣೆ, ಕೋಷ್ಟಕ ಎಂಬ ಭಾಗಗಳನ್ನು ಓದುವವರು ನೋಟದಿಂದಲೇ ಗುರುತಿಸುತ್ತಾರೆ. ಬ್ರೌಸರಿಗೆ ಅದನ್ನು ಹೇಳಿಕೊಡಬೇಕು. ಅದಕ್ಕೆ ಬಳಸುವ ಗುರುತುಗಳಿಗೆ ಟ್ಯಾಗ್ ಎಂದು ಹೆಸರು. ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಕೋನಾಕಾರದ ಆವರಣದೊಳಗೆ ಬರೆಯಲಾಗುತ್ತದೆ. ಎಚ್1 ಎಂಬುದು ಪ್ರಧಾನ ಶೀರ್ಷಿಕೆ, ಪಿ ಎಂಬುದು ಪರಿಚ್ಛೇದ, ಟೇಬಲ್ ಎಂಬುದು ಕೋಷ್ಟಕ. ಕೋಷ್ಟಕದೊಳಗೆ ಟಿಆರ್ ಒಂದು ಸಾಲು, ಟಿಡಿ ಒಂದು ಮನೆ. ಭಾಗ ಮುಗಿದಾಗ ಓರೆಗೆರೆ ಸೇರಿಸಿದ ಅದೇ ಗುರುತಿನಿಂದ ಮುಚ್ಚಬೇಕು. ಶೀರ್ಷಿಕೆಯನ್ನು ಮುಚ್ಚಲು ಮರೆತರೆ ಮುಂದಿನ ಸಾಲುಗಳೆಲ್ಲ ಶೀರ್ಷಿಕೆಯಷ್ಟೇ ದಪ್ಪವಾಗಿ ಕಾಣುತ್ತವೆ. ಮೊದಲ ಸಲ ಬರೆಯುವವರೆಲ್ಲರೂ ಬಹುಶಃ ಈ ತಪ್ಪನ್ನು ಮಾಡಿಯೇ ಕಲಿಯುತ್ತಾರೆ.

ಕನ್ನಡ ಪುಟಗಳು ಹೆಚ್ಚಾಗಿ ಕೆಡುವುದು ಅಕ್ಷರದ ವಿಷಯದಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತದೊಳಗೆ ಕನ್ನಡವಿರುವುದಿಲ್ಲ. ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳಿಗೆ ಕನ್ನಡದ ರೂಪವನ್ನು ತೊಡಿಸಲಾಗಿರುತ್ತದೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲಾದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿದೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಹಳೆಯ ಪಟ್ಟಿಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದ ನಂತರ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಬೇಕು. ಹೆಸರಿನಲ್ಲಿ ಒಂದು ಒತ್ತು ತಪ್ಪಿದರೂ ಹುಡುಕಿದವರಿಗೆ ಆ ಹೆಸರು ಸಿಗುವುದಿಲ್ಲ.

ಇದರ ಜೊತೆಗೆ ಎರಡು ಸೂಚನೆಗಳನ್ನು ಪುಟದ ಆರಂಭದಲ್ಲಿ ಬರೆಯಬೇಕು: ಅಕ್ಷರಗಳು ಯುಟಿಎಫ್-8 ಕ್ರಮದಲ್ಲಿವೆ ಎಂಬುದು, ಭಾಷೆ ಕನ್ನಡ ಎಂಬುದು. ಎರಡನೆಯದಕ್ಕೆ ಕೆ, ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳ ಸಂಕೇತವಿದೆ. ಓದುವ ತಂತ್ರಾಂಶವು ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಲು ಇದು ನೆರವಾಗುತ್ತದೆ. ಹಳೆಯ ವಿಂಡೋಸ್ ಗಣಕಗಳ ನೋಟ್‌ಪ್ಯಾಡ್ ಕಡತವನ್ನು ಆನ್ಸಿ ಕ್ರಮದಲ್ಲಿ ಉಳಿಸಲು ಹೊರಡುತ್ತದೆ. ಅದು ತೋರಿಸುವ ಎಚ್ಚರಿಕೆಯನ್ನು ಓದದೆ ಒಪ್ಪಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಮತ್ತೆ ಟೈಪಿಸದೆ ಗತ್ಯಂತರವಿರುವುದಿಲ್ಲ.

ಯುಟಿಎಫ್-8ರಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. "ಗ್ರಾ" ಎಂಬುದರಲ್ಲಿ ಗಕಾರ, ಹಲಂತ, ರಕಾರ, ದೀರ್ಘ ಎಂದು 4 ಸಂಕೇತಗಳಿರುವುದರಿಂದ 12 ಬೈಟ್ ಆಗುತ್ತದೆ. ತಲಾ 40 ಸಂಕೇತಗಳಂತೆ 200 ಹೆಸರುಗಳಿಗೆ 24,000 ಬೈಟ್. ಟ್ಯಾಗ್‌ಗಳು ಸೇರಿದರೂ 50 ಕಿಲೋಬೈಟ್ ದಾಟದು. ಮೊಬೈಲಿನಲ್ಲಿ ತೆಗೆದ ಒಂದೇ ಛಾಯಾಚಿತ್ರ ಇದರ ಹತ್ತಾರು ಪಟ್ಟು ತೂಗುತ್ತದೆ. ಮೊದಲ ಪುಟದಲ್ಲಿ ಗಣ್ಯರ ಭಾವಚಿತ್ರಗಳನ್ನು ಜೋಡಿಸುವ ಮುನ್ನ, ಸಿಗ್ನಲ್ ಸರಿಯಾಗಿ ಸಿಗದ ಊರಿನವರು ಪಟ್ಟಿಗಾಗಿ ಎಷ್ಟು ಹೊತ್ತು ಕಾಯಬೇಕಾದೀತೆಂದು ಯೋಚಿಸುವುದು ಒಳಿತು.

ಇನ್ನೊಂದು ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಫಲಾನುಭವಿಯ ಹೆಸರನ್ನು ಪ್ರಕಟಿಸಬೇಕೆನ್ನುವುದು ಒಂದು ಕಾನೂನಾದರೆ, ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸಬಾರದೆನ್ನುವುದು ಇನ್ನೊಂದು. ಇದು ಆಧಾರ್ ಅಧಿನಿಯಮ 2016ರ ಪ್ರಕರಣ 29ರಲ್ಲಿದೆ. ಕಚೇರಿಯ ಕೋಷ್ಟಕವನ್ನು ಇದ್ದಂತೆಯೇ ನಕಲು ಮಾಡಿದಾಗ ಆಧಾರ್, ಬ್ಯಾಂಕ್ ಖಾತೆಯ ಅಂಕಣಗಳೂ ಬಂದುಬಿಡುತ್ತವೆ. ಅವುಗಳಿಗೆ ಬಿಳಿ ಬಣ್ಣ ಹಚ್ಚಿ ಅಥವಾ ಕಾಣದಂತೆ ಅಡಗಿಸಿ ಸಮಾಧಾನಪಡುವಂತಿಲ್ಲ. ಗಣಕದ ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪುಟದ ಮೂಲ ಬರಹ ತೆರೆದುಕೊಳ್ಳುತ್ತದೆ; ಅಡಗಿಸಿದ ಸಂಖ್ಯೆಗಳೂ ಅಲ್ಲಿರುತ್ತವೆ. ಆ ಅಂಕಣಗಳನ್ನು ಕಡತದಿಂದಲೇ ತೆಗೆದುಹಾಕಬೇಕು.

ಪುಟವು ಊರಿಗೆಲ್ಲ ಕಾಣಬೇಕಾದರೆ ಅದನ್ನು ಸದಾ ಚಾಲನೆಯಲ್ಲಿರುವ ಸರ್ವರ್ ಗಣಕದಲ್ಲಿರಿಸಿ ವಿಳಾಸ ನೀಡಬೇಕಾಗುತ್ತದೆ. ಗೌ ಡಾಟ್ ಇನ್ ಎಂದು ಕೊನೆಗೊಳ್ಳುವ ವಿಳಾಸಗಳು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ದೊರೆಯುತ್ತವೆ. ಖಾಸಗಿ ವ್ಯಕ್ತಿಯ ಹೆಸರಿನಲ್ಲಿ ವಿಳಾಸ ಕೊಂಡರೆ, ನವೀಕರಣದ ಹಣ ಕಟ್ಟದ ವರ್ಷ ಅದು ಬೇರೆಯವರ ಪಾಲಾಗಬಹುದು.

ಪುಟವನ್ನು ಪ್ರಕಟಿಸುವ ಮುನ್ನ ಸಾಮಾನ್ಯ ಸಭೆಯಲ್ಲಿ ಸದಸ್ಯರು ತಮ್ಮ ತಮ್ಮ ಮೊಬೈಲಿನಲ್ಲಿ ಅದನ್ನು ತೆರೆದು, ತಮ್ಮ ವಾರ್ಡಿನ ಒಂದು ಹೆಸರನ್ನು ಹುಡುಕಿ ನೋಡುವುದು ಸೂಕ್ತ. ಪಟ್ಟಿ ಪರಿಷ್ಕೃತವಾದಾಗ ಹಳೆಯದನ್ನು ಅಳಿಸದೆ, ಎರಡರ ಮೇಲೂ ಗ್ರಾಮಸಭೆಯ ದಿನಾಂಕವನ್ನು ನಮೂದಿಸಿ ಉಳಿಸಿಕೊಳ್ಳಬೇಕು. ಕೈಬಿಟ್ಟ ಹೆಸರಿನ ಬಗ್ಗೆ ಪ್ರಶ್ನೆ ಬಂದಾಗ ತಾಳೆ ನೋಡಲು ಅದೇ ಆಧಾರ.