ವಿಜಯಪುರಕ್ಕೆ 1 ತಾಸು 5 ನಿಮಿಷ?

ಅಜ್ಜಿಗೆ ಆರಾಮಿಲ್ಲ ಅಂತ ಟಿಕೋಟಾದಿಂದ ಫೋನ್ ಹೋದಾಗ ನಮ್ಮ ಅಣ್ಣ ಬೆಂಗಳೂರಿನಲ್ಲಿದ್ದ. ಗಡಿಬಿಡಿಯಲ್ಲಿ ಮೊಬೈಲ್‌ನಲ್ಲಿ ಹುಡುಕಿದರೆ 'ವಿಜಯಪುರಕ್ಕೆ ವಿಮಾನದಲ್ಲಿ 1 ತಾಸು 5 ನಿಮಿಷ' ಅಂತ ಬಂತು. ಬುಕ್ ಮಾಡೋಣ ಅಂದ್ರೆ ವಿಮಾನನೇ ಇಲ್ಲ! ಬುರಣಾಪುರ-ಮದಭಾವಿ ಹತ್ತಿರ ನಿಲ್ದಾಣದ ಕೆಲಸ ಇನ್ನೂ ನಡೆದಿತ್ತು.

ಹಂಗಾದ್ರ ಆ ಲೆಕ್ಕ ಎಲ್ಲಿಂದ ಬಂತು? ಎರಡೂ ಊರಿನ ಅಕ್ಷಾಂಶ, ರೇಖಾಂಶ ತಗೊಂಡು, ಭೂಮಿಯನ್ನು ಗೋಳ ಅಂತ ಹಿಡಿದು ಅಂತರ ತೆಗೀತಾರೆ. ಹ್ಯಾವರ್‌ಸೈನ್ ಸೂತ್ರ, ಲ್ಯಾಬಿನಲ್ಲಿ ಹತ್ತು ಸಾಲಿನ ಕೋಡ್ ಅಷ್ಟೇ. ಉತ್ತರ ಸುಮಾರು 470 ಕಿ.ಮೀ. ಜೆಟ್ ವೇಗ ಗಂಟೆಗೆ 800 ಅಂತ ಇಟ್ಟು ಭಾಗಿಸಿದರೆ 35 ನಿಮಿಷ. ಏರೋದು, ಇಳಿಯೋದಕ್ಕೆ ಅಂತ 30 ಸೇರಿಸಿದರೆ ಮುಗೀತು. ವಿಮಾನ ಇದೆಯೋ ಇಲ್ವೋ ಸೂತ್ರಕ್ಕೇನು ಗೊತ್ತು? ಇದೇ ಲೆಕ್ಕದಲ್ಲಿ ಟಿಕೋಟಾದಿಂದ ಬಬಲೇಶ್ವರಕ್ಕೂ ಅರ್ಧ ತಾಸಿನ ಮೇಲೆ ವಿಮಾನ ಪ್ರಯಾಣ ಬರ್ತದ. ಅಷ್ಟೊತ್ತಿಗೆ ಬೈಕ್ ಮೇಲೆ ಮುಟ್ಟಿರ್ತೀವಿ.

ಇಂಥ ಸಣ್ಣ ದೂರಕ್ಕೆ ಹೆಚ್ಚಾಗಿ ಬಿಡೋದು ಎಟಿಆರ್ 72. ಅದರ ವೇಗ ಗಂಟೆಗೆ ಸುಮಾರು 500. ಹಾರಾಟಕ್ಕೇ 56 ನಿಮಿಷ ಬೇಕು. ಟಿಕೆಟ್ ಮೇಲೆ ಇರೋದು ಬರೀ ಹಾರೋ ಹೊತ್ತಲ್ಲ, ನಿಂತ ಜಾಗ ಬಿಟ್ಟಾಗಿಂದ ಇಳಿದ ಊರಲ್ಲಿ ಬಂದು ನಿಲ್ಲೋ ತನಕದ ಹೊತ್ತು. ರನ್‌ವೇ ಸರದಿ ಕಾಯೋದೂ ಅದರಲ್ಲೇ. ದೇವನಹಳ್ಳಿ ಮುಟ್ಟೋದು, ತಪಾಸಣೆ, ಇವೆಲ್ಲ ಲೆಕ್ಕದ ಹೊರಗೆ. 2019ರಲ್ಲಿ ಶುರುವಾದ ಕಲಬುರಗಿ ನಿಲ್ದಾಣಕ್ಕೆ ಹಾರಿದರೂ ಮುಂದೆ 150 ಕಿ.ಮೀ.ಗೂ ಹೆಚ್ಚು ರಸ್ತೆ. ರೈಲಾದ್ರೆ ಹುಬ್ಬಳ್ಳಿ, ಗದಗ ಸುತ್ತಿ ಬರಬೇಕು.

ಅಣ್ಣ ಸ್ಲೀಪರ್ ಬಸ್ ಹತ್ತಿದ. ಬೆಳಿಗ್ಗೆ ವಿಜಯಪುರದಲ್ಲಿ ಇಳಿದು, ಟಿಕೋಟಾ ಬಸ್ ಹಿಡಿದು ಮನೆಗೆ ಬಂದಾಗ ಅಜ್ಜಿ ಎದ್ದು ಕೂತು ಚಾ ಕುಡೀತಿದ್ದಳು. "ಇಷ್ಟ್ಯಾಕ ತಡಾ ಮಾಡಿದ್ಯೋ?" ಅಂದ್ಳು.