ಆಟದಲ್ಲಿ ಕಷ್ಟವನ್ನು ಅಳೆದು ಇಡುವ ಬಗೆ

ಹೈದರಾಬಾದಿನ ಓಗರ್ ಹೆಡ್ ಸ್ಟುಡಿಯೋ ಎಂಬ ಪುಟ್ಟ ತಂಡವು 2017ರಲ್ಲಿ ಹೊರತಂದ, ಭಾರತೀಯ ಪುರಾಣಲೋಕದ ಹಿನ್ನೆಲೆಯುಳ್ಳ ‘ಅಸುರ’ ಎಂಬ ಕಂಪ್ಯೂಟರ್ ಆಟದಲ್ಲಿ ಆಟಗಾರನು ಸತ್ತರೆ ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ. ಆಗ ಪ್ರೋಗ್ರಾಂ ಕಾಳಗದ ನೆಲೆಗಳನ್ನಷ್ಟೇ ಅಲ್ಲದೆ, ಯಾವ ವಿದ್ಯೆಯ ನಂತರ ಯಾವ ವಿದ್ಯೆ ದಕ್ಕುತ್ತದೆ ಎಂಬುದನ್ನು ತೋರಿಸುವ ಕೌಶಲವೃಕ್ಷವನ್ನೂ ಹೊಸದಾಗಿ ಹೆಣೆಯುತ್ತದೆ. ವಿನ್ಯಾಸಕನು ನಿಯಮಗಳನ್ನಷ್ಟೇ ಕೊಟ್ಟು, ಆ ನಿಯಮಗಳೊಳಗೆ ಆಟದ ಭಾಗಗಳನ್ನು ಯಂತ್ರವೇ ಸೃಷ್ಟಿಸುವ ಈ ವಿಧಾನಕ್ಕೆ ಪ್ರೊಸೀಜರಲ್ ಜನರೇಷನ್ ಎಂದು ಹೆಸರು. ಪ್ರತಿಯೊಂದು ಹಂತವನ್ನೂ ಕೈಯಿಂದ ರಚಿಸುವಷ್ಟು ಜನಬಲವಿಲ್ಲದ ತಂಡಗಳಿಗೆ ಇದು ವರವಾದರೂ, ಒಂದು ಸುತ್ತಿನಲ್ಲಿ ಬಲವಾದ ವಿದ್ಯೆಗಳು ಬೇಗ ದಕ್ಕಿ ಇನ್ನೊಂದರಲ್ಲಿ ದಕ್ಕದೆ ಹೋದರೆ ಸೋಲುಗೆಲುವು ಅದೃಷ್ಟದ ಪಾಲಾಗುವ ಅಪಾಯವೂ ಇದರಲ್ಲಿದೆ.

ಈ ಅಪಾಯಕ್ಕೆ ಟೆಟ್ರಿಸ್ ಆಟದ ಈಚಿನ ಆವೃತ್ತಿಗಳಲ್ಲಿ ಒಂದು ಸೊಗಸಾದ ಉಪಾಯವಿದೆ. ಅಲ್ಲಿ 7 ಆಕಾರಗಳನ್ನೂ ಇಸ್ಪೀಟು ಎಲೆಗಳಂತೆ ಕಲಸಿ ಒಂದೊಂದಾಗಿ ಬೀಳಿಸಿ, ಏಳೂ ಮುಗಿದ ಮೇಲೆ ಮತ್ತೆ ಕಲಸಲಾಗುತ್ತದೆ. ಹೀಗಾಗಿ ಬೇಕಾದ ಆಕಾರವೊಂದು ಒಮ್ಮೆ ಬಂದು ಮತ್ತೆ ಬರುವುದರೊಳಗೆ ನಡುವೆ 12ಕ್ಕಿಂತ ಹೆಚ್ಚು ಬೇರೆ ಆಕಾರಗಳು ಬರಲಾರವು. ಯಾದೃಚ್ಛಿಕತೆ ಉಳಿಯುತ್ತದೆ, ಅದರ ಕ್ರೌರ್ಯಕ್ಕೆ ಮಾತ್ರ ಮಿತಿ ಬೀಳುತ್ತದೆ.

ಕಷ್ಟವು ಕ್ರಮವಾಗಿ ಏರುವುದಕ್ಕೆ ಇಂದಿಗೂ ಅತ್ಯುತ್ತಮ ಮಾದರಿಯೆಂದರೆ, 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ, ನಾಣ್ಯ ಹಾಕಿ ಆಡುವ ‘ಸ್ಪೇಸ್ ಇನ್ವೇಡರ್ಸ್’. ಅದರ ಪರದೆಯ ಮೇಲೆ 5 ಸಾಲುಗಳಲ್ಲಿ 55 ಶತ್ರುಗಳಿರುತ್ತವೆ. ಪರದೆಯ ಚಿತ್ರವು ಸೆಕೆಂಡಿಗೆ ಸುಮಾರು 60 ಬಾರಿ ಹೊಸದಾಗುತ್ತಿದ್ದರೂ, ಒಳಗಿನ ಇಂಟೆಲ್ 8080 ಪ್ರೊಸೆಸರ್ ಪ್ರತಿ ಬಾರಿ ಒಂದೇ ಒಂದು ಶತ್ರುವನ್ನು ಸರಿಸುತ್ತಿದ್ದುದರಿಂದ, ಇಡೀ ದಂಡು ಒಂದು ಹೆಜ್ಜೆ ಮುಂದಿಡಲು ಹತ್ತಿರಹತ್ತಿರ ಒಂದು ಸೆಕೆಂಡು ಹಿಡಿಯುತ್ತಿತ್ತು. 10 ಶತ್ರುಗಳಷ್ಟೇ ಉಳಿದಾಗ ಅದೇ ಹೆಜ್ಜೆಗೆ ಸೆಕೆಂಡಿನ ಆರನೆಯ ಒಂದು ಭಾಗ ಸಾಕಾಗುತ್ತಿತ್ತು. ಯಂತ್ರದ ಮಿತಿಯಿಂದ ಹುಟ್ಟಿದ ಈ ವೇಗವನ್ನು ನಿಶಿಕಾಡೊ ತಿದ್ದದೆ ಉಳಿಸಿಕೊಂಡರು, ಮತ್ತು ಅದು ಸರಿಯಾದ ತೀರ್ಮಾನವಾಗಿತ್ತು; ಏಕೆಂದರೆ ಇಲ್ಲಿ ಕಷ್ಟವು ಹೊರಗಿನಿಂದ ಬಂದು ಬೀಳದೆ ಆಟಗಾರನ ಯಶಸ್ಸಿನಿಂದಲೇ ಬೆಳೆಯುತ್ತದೆ, ಅದು ಬೆಳೆಯುವುದೂ ಅವನ ಕಣ್ಣೆದುರಿಗೇ.

ಕಣ್ಣಿಗೆ ಕಾಣುವುದು ಎಂಬ ಮಾತಿಗೆ ಶರೀರಶಾಸ್ತ್ರದ ಆಧಾರವೂ ಇದೆ. ಕಂಡ ಒಂದು ಸಂಕೇತಕ್ಕೆ ಗುಂಡಿ ಒತ್ತಲು ಮನುಷ್ಯನಿಗೆ ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡು, ಅಂದರೆ ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುವ ಆಟದಲ್ಲಿ 12ರಿಂದ 15 ಚಿತ್ರಗಳಷ್ಟು ಕಾಲ ಬೇಕು. ಎಡಕ್ಕೋ ಬಲಕ್ಕೋ ಎಂದು ಆಯ್ದುಕೊಳ್ಳಬೇಕಾದರೆ ಇನ್ನೂ ಹೆಚ್ಚು. ಹೊಡೆಯುವ ಮುನ್ನ ಶತ್ರು ಗದೆಯನ್ನು ಮೇಲೆತ್ತುವ ಮುನ್ಸೂಚನೆ 10 ಚಿತ್ರಗಳಷ್ಟು ಮಾತ್ರ ಇದ್ದರೆ ಅದನ್ನು ಕಂಡು ತಪ್ಪಿಸಿಕೊಳ್ಳಲು ಬಹುತೇಕ ಯಾರಿಂದಲೂ ಆಗದು. 30 ಇದ್ದರೆ ಹೊಸಬನಿಗೂ ಅವಕಾಶವಿದೆ. ಆದ್ದರಿಂದ ಆಟವನ್ನು ಬಿಗಿಗೊಳಿಸಲು ಮುನ್ಸೂಚನೆಯನ್ನೇ ಮೊಟಕುಗೊಳಿಸುವುದಕ್ಕಿಂತ, ಇಬ್ಬರು ಶತ್ರುಗಳ ಮುನ್ಸೂಚನೆಗಳು ಒಂದರ ಮೇಲೊಂದು ಬರುವಂತೆ ಮಾಡುವುದು ಮೇಲು: ಆಟಗಾರನಿಗೆ ಬೇಕಾದ ಮಾಹಿತಿಯೆಲ್ಲ ಆಗಲೂ ಎದುರಿಗಿರುತ್ತದೆ, ಸೋತರೂ ಏಕೆ ಸೋತೆನೆಂಬುದು ತಿಳಿಯುತ್ತದೆ.

ಆದರೆ ತನ್ನ ಆಟವನ್ನು ತಿಂಗಳುಗಟ್ಟಲೆ ಆಡಿ ಪಳಗಿದ ವಿನ್ಯಾಸಕನಿಗೆ ಅದರ ಕಷ್ಟವೇ ಕಾಣದಂತಾಗುವುದರಿಂದ, ಈ ಲೆಕ್ಕಗಳನ್ನೆಲ್ಲ ಅಪರಿಚಿತರ ಕೈಯಲ್ಲಿ ಪರೀಕ್ಷಿಸಲೇಬೇಕು. 2022 ಮತ್ತು 2023ರಲ್ಲಿ ಹೈದರಾಬಾದಿನಲ್ಲಿ ನಡೆದ ಇಂಡಿಯಾ ಗೇಮ್ ಡೆವಲಪರ್ ಕಾನ್ಫರೆನ್ಸ್‌ನಂಥ ಸಮ್ಮೇಳನಗಳು ಸಣ್ಣ ತಂಡಗಳಿಗೆ ಅಂಥ ಅವಕಾಶವನ್ನು ಒದಗಿಸುತ್ತವೆ. ಆಟ ಕಟ್ಟಲು ಹೊರಟ ತರುಣರು ಹೊಸಬರೊಬ್ಬರ ಕೈಗೆ ಆಟವನ್ನು ಕೊಟ್ಟು, ಏನನ್ನೂ ಹೇಳಿಕೊಡದೆ, ಅವರು ಎಲ್ಲಿ ಮತ್ತು ಏಕೆ ಸೋಲುತ್ತಾರೆಂದು ಬರೆದಿಟ್ಟುಕೊಳ್ಳಲಿ. ಶತ್ರುಗಳ ಸಂಖ್ಯೆಯನ್ನು ಹೆಚ್ಚಿಸುವ ಯೋಚನೆ ಅದರ ನಂತರ ಬರಲಿ.